ಮಾರ್ವೆಲ್–ಡಿಸಿ ಚರ್ಚೆಗೆ ಮುನ್ನ

ಗೆಳೆಯರೇ, ಸೂಪರ್‌ಹೀರೋ ಕಾಮಿಕ್ಸ್ ಕಂಪನಿಗಳಾದ ಮಾರ್ವೆಲ್, ಡಿಸಿ ಪೈಕಿ ಸಿನಿಮಾದಲ್ಲಿ ಯಾವುದು ಮೇಲು ಅನ್ನುವ ಭಾನುವಾರದ ಚರ್ಚೆಗೆ ಬರೀ ಗಳಿಕೆಯ ಲೆಕ್ಕ ಹಿಡಿದು ಬರಬೇಡಿ. ಅದರಲ್ಲಿ ಮಾರ್ವೆಲ್ ಮುಂದು, ವಾದವೇ ಇಲ್ಲ. 2019ರ 'ಅವೆಂಜರ್ಸ್: ಎಂಡ್‌ಗೇಮ್' ಒಂದೇ ಸುಮಾರು 280 ಕೋಟಿ ಡಾಲರ್ ಗಳಿಸಿತು. ಆದರೆ ದೊಡ್ಡ ಪರದೆಯಲ್ಲಿ ದಾರಿ ಮಾಡಿದ್ದು ಡಿಸಿ: 1978ರಲ್ಲೇ 'ಸೂಪರ್‌ಮ್ಯಾನ್', 1989ರಲ್ಲಿ 'ಬ್ಯಾಟ್‌ಮ್ಯಾನ್'. ಮಾರ್ವೆಲ್ 1996ರಲ್ಲಿ ದಿವಾಳಿ ಅರ್ಜಿ ಹಾಕಿದ ಕಂಪನಿ. ಸ್ಪೈಡರ್‌ಮ್ಯಾನ್ ಸಿನಿಮಾ ಹಕ್ಕು ಸೋನಿ ಪಾಲಾಯಿತು. ಕೈಯಲ್ಲಿ ಉಳಿದ ಪಾತ್ರಗಳನ್ನೇ ನೆಚ್ಚಿಕೊಂಡು 2008ರಲ್ಲಿ 'ಐರನ್ ಮ್ಯಾನ್' ಮಾಡಿ, ಅಲ್ಲಿಂದ ಕಥೆಗೆ ಕಥೆ ಕೊಂಡಿ ಹಾಕುತ್ತಾ ಹೋದರಲ್ಲ, ಆ ತಾಳ್ಮೆಗೆ ನನ್ನ ಸಲಾಮು. ಡಿಸಿ ಅದೇ ದಾರಿಗೆ ಅವಸರದಲ್ಲಿ ಇಳಿದು ಎಡವಿತು ಅನ್ನುವುದು ನನ್ನ ಅನಿಸಿಕೆ. ಬಿಡಿ ಚಿತ್ರಗಳಲ್ಲಿ ಮಾತ್ರ ಅದರದೇ ಮೇಲುಗೈ: ಬ್ಯಾಟ್‌ಮ್ಯಾನ್ ಕಥೆಗಳ ಖಳ ಜೋಕರ್‌ನ ಪಾತ್ರ ಇಬ್ಬರು ನಟರಿಗೆ ಆಸ್ಕರ್ ತಂದುಕೊಟ್ಟಿದೆ.

1992ರ ಬ್ಯಾಟ್‌ಮ್ಯಾನ್ ಅನಿಮೇಷನ್ ಸರಣಿ ನೋಡದವರು ಎರಡು ಕಂತಾದರೂ ನೋಡಿ ಬನ್ನಿ.