ವಿಮಾನದ ವೇಗಮಾಪಕವನ್ನು ಎಷ್ಟು ನಂಬಬೇಕು: ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಉಪಕರಣಗಳನ್ನು ನೋಡಿಯೇ ಹಾರಿಸುವ ಅರ್ಹತೆ) ಪರೀಕ್ಷೆಗೆ ಸಿದ್ಧರಾಗುತ್ತಿರುವವರು ಈ ವಾರದ ಚರ್ಚೆಗೆ ಬರುವ ಮೊದಲು ಗಾಳಿಯ ಒತ್ತಡದಿಂದ ವೇಗ, ಎತ್ತರ ಅಳೆಯುವ ಪಿಟೋ-ಸ್ಟ್ಯಾಟಿಕ್ ವ್ಯವಸ್ಥೆಯ ದೋಷಗಳನ್ನು, ಬಾಯಿಪಾಠವಾಗಿಯಲ್ಲ, ಕಾರಣ ಸಮೇತ ಓದಿಕೊಂಡು ಬರಬೇಕೆಂದು ಕೋರುತ್ತೇನೆ. ಹೊರಗಿನ ಗಾಳಿಯ ಒತ್ತಡ ತಿಳಿಸುವ ಸ್ಟ್ಯಾಟಿಕ್ ರಂಧ್ರ ಮುಚ್ಚಿದರೆ ಎತ್ತರಮಾಪಕ ಇದ್ದಲ್ಲೇ ನಿಲ್ಲುತ್ತದೆ. ಇದು ಬೇಗ ಗಮನಕ್ಕೆ ಬರುತ್ತದೆ. ಮೋಸ ಮಾಡುವುದು ಇನ್ನೊಂದು. ಎದುರುಗಾಳಿಯ ಒತ್ತಡ ಹಿಡಿಯುವ ಪಿಟೋ ಕೊಳವೆಯ ಬಾಯಿಯೂ ನೀರು ಬಸಿಯುವ ತೂತೂ ಹಿಮದಿಂದ ಕಟ್ಟಿಕೊಂಡಾಗ ಒಳಗಿನ ಒತ್ತಡ ಹಾಗೆಯೇ ಉಳಿದು, ಮೇಲೇರಿದಂತೆ ಹೊರಗಿನ ಒತ್ತಡ ಮಾತ್ರ ಇಳಿಯುವುದರಿಂದ, ವೇಗಮಾಪಕ ವೇಗ ಏರುತ್ತಿದೆಯೆಂದೇ ತೋರಿಸುತ್ತದೆ.

1974ರ ಡಿಸೆಂಬರ್ 1ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬೋಯಿಂಗ್ 727 ಒಂದು ಬಿದ್ದದ್ದು ಹೀಗೆಯೇ. ಕೊಳವೆಯಲ್ಲಿ ಹಿಮ ಕಟ್ಟದಂತೆ ಬಿಸಿ ಮಾಡುವ ಪಿಟೋ ಹೀಟರ್‌ನ ಸ್ವಿಚ್ ಹಾಕಿರಲಿಲ್ಲ. ಏರುತ್ತಿದ್ದ ಮುಳ್ಳನ್ನು ನಂಬಿದ ಚಾಲಕರು ಮೂಗನ್ನು ಇನ್ನಷ್ಟು ಎತ್ತಿದರು, ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿ) ಎಚ್ಚರಿಕೆಯ ನಡುಕವನ್ನು ಅತಿವೇಗದ ಕಂಪನವೆಂದು ತಿಳಿದರು. ವಿಮಾನದಲ್ಲಿದ್ದ ಮೂವರು ಸಿಬ್ಬಂದಿಯೂ ತೀರಿಕೊಂಡರು. ಹೀಟರ್ ಸ್ವಿಚ್ಚನ್ನು ಚೆಕ್‌ಲಿಸ್ಟ್‌ನಲ್ಲಿ ಓದಿದರೆ ಸಾಲದು, ಕೈಯಿಂದ ಮುಟ್ಟಿ ನೋಡಬೇಕೆಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಮೋಡದೊಳಗೆ ವೇಗಮಾಪಕದ ಮೇಲೆ ಅನುಮಾನ ಬಂದರೆ ಯಾವ ಪಿಚ್ (ಮೂಗು ಮೇಲೆ ಕೆಳಗೆ ವಾಲುವ ಕೋನ) ಮತ್ತು ಎಷ್ಟು ಪವರ್ ಇಡಬೇಕು ಎಂಬುದನ್ನು, ನಿಮ್ಮ ವಿಮಾನದ ಕೈಪಿಡಿ ನೋಡಿ, ಪ್ರತಿಯೊಬ್ಬರೂ ಬರೆದು ತರಬೇಕು.