ಜೀರಿಗೆ ಅಂದರೆ ಯಾವ ಜೀರಿಗೆ? ಗೊಜ್ಜಿಗೊಂದು ಪತ್ರ

ಪ್ರಿಯ ಗೊಜ್ಜು,

ನೀನು ಕಳಿಸಿದ ಫೋಟೊ ಬಂತು. ಮೂರು ಕೆಜಿ ಹಸಿರು ಎಳೆ ಮಾವಿನಕಾಯಿ, ಚೀಲದ ಮೇಲೆ ‘ಅಪ್ಪೆಮಿಡಿ’ ಅಂತ ಚೀಟಿ, ಅದರಡಿ ನಿನ್ನ ಪ್ರಶ್ನೆ: ‘ಇದು ಯಾವ ಜಾತಿ ಮಾರಾಯ?’ ಫೋಟೊಕ್ಕೆ ವಾಸನೆ ಇರುವುದಿಲ್ಲವಲ್ಲ, ಏನು ಹೇಳಲಿ? ಉತ್ತರವನ್ನು ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ. ಫಾಲ್ಗುಣ ಬಂತೆಂದರೆ ಇದೇ ಪ್ರಶ್ನೆ ಬೇರೆಯವರಿಂದಲೂ ಬರುತ್ತದೆ, ಎಲ್ಲರಿಗೂ ಒಂದೇ ಬಾರಿ ಆಗಲಿ. ಮಗೆಕಾಯಿ ಪ್ರಕರಣ ಇಲ್ಲಿ ಎತ್ತುವುದಿಲ್ಲ, ಧೈರ್ಯವಾಗಿರು.

ಮೊದಲು ಒಂದು ಮಾತು. ಅಪ್ಪೆ ಅನ್ನುವುದು ಒಂದು ಜಾತಿಯ ಹೆಸರಲ್ಲ. ಶರಾವತಿ, ವರದಾ, ಅಘನಾಶಿನಿ, ಕುಮುದ್ವತಿ ಹೊಳೆಗಳ ದಂಡೆಯಲ್ಲಿ, ಹಳ್ಳದ ಸಾಲಿನಲ್ಲಿ ತಾವಾಗಿ ಹುಟ್ಟಿದ ಮಾವಿನ ಮರಗಳಲ್ಲಿ ಪರಿಮಳದ ಸೊನೆ ಇರುವವೆಲ್ಲ ಅಪ್ಪೆಯೇ. ‘ಅಪ್ಪೆಮಿಡಿ’ಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ಈ ಇಡೀ ಗುಂಪಿಗೆ. ಒಳಗೆ ಹೋದರೆ ಹೆಸರುಗಳ ಜಾತ್ರೆ: ಪರಿಮಳದಿಂದ ಜೀರಿಗೆ, ಕರ್ಪೂರ, ಮನೆಯವರ ಹೆಸರಿನಿಂದ ಅನಂತಭಟ್ಟನ ಅಪ್ಪೆ, ಊರೂ ಪರಿಮಳವೂ ಸೇರಿ ಗೆಣಸಿನಕುಣಿ ಜೀರಿಗೆ.

ಈಗ ಪರೀಕ್ಷೆ. ಒಂದು ಮಿಡಿ ತೆಗೆದು ತೊಟ್ಟನ್ನು ಬುಡದಲ್ಲಿ ಮುರಿ. ಮುಖದ ಹತ್ತಿರ ಹಿಡಿಯಬೇಡ. ತಾಜಾ ಮಿಡಿಯ ಸೊನೆ ಚಿಮ್ಮುತ್ತದೆ, ಚರ್ಮಕ್ಕೆ ತಾಗಿದರೆ ಸುಟ್ಟು ಕಪ್ಪು ಕಲೆಯಾಗುತ್ತದೆ. ಒಂದು ಹನಿಯನ್ನು ಎಲೆಗೋ ಕಾಗದಕ್ಕೋ ಒರೆಸಿ, ಮೊದಲ ಘಾಟು ಹೋಗುವವರೆಗೆ ಬಿಟ್ಟು ಆಮೇಲೆ ಮೂಸು. ಆಗ ಬರುವುದು ಅದರ ನಿಜವಾದ ಪರಿಮಳ. ಬೆಂಗಳೂರಿಗೆ ಬಂದು ಎರಡು ದಿನವಾಗಿದ್ದರೆ ಸೊನೆ ಬತ್ತಿರುತ್ತದೆ, ಆಗ ತೊಟ್ಟಿನ ಪಕ್ಕದ ಸಿಪ್ಪೆಯನ್ನು ಉಗುರಿನಿಂದ ಕೆರೆದು ಮೂಸಬೇಕು. ಉದ್ದವೋ ಉರುಟೋ ಅನ್ನುವುದನ್ನು ಹೆಚ್ಚು ನಂಬಬೇಡ. ಕೆರೆದರೂ ಬರೀ ಹಸಿ ಸೊಪ್ಪಿನ ವಾಸನೆ ಬಂದರೆ ಅದು ಯಾವುದೋ ಕಾಟುಮಾವಿನ ಮಿಡಿ, ಚೀಟಿ ಏನೇ ಹೇಳಲಿ.

ಜೀರಿಗೆ ಅಂದಕೂಡಲೇ ನಿನಗೆ ಗಲಿಬಿಲಿ ಆಗುವುದು ಸಹಜ. ಜೀರಿಗೆ ಮಿಡಿಗೆ ಆ ಹೆಸರು ಬಂದದ್ದು ಸೊನೆಯ ಪರಿಮಳದಿಂದ. ಜೀರಿಗೆ ಮೆಣಸಿಗೆ ಬಂದದ್ದು ಗಾತ್ರದಿಂದ. ಗಿಡದಲ್ಲಿ ಮೇಲ್ಮುಖವಾಗಿ ನಿಲ್ಲುವ, ಸೂಜಿಮೆಣಸು ಅಂತಲೂ ಕರೆಯುವ ಆ ಖಾರದ ಕಿಡಿಯಲ್ಲಿ ಜೀರಿಗೆಯ ವಾಸನೆ ಹುಡುಕಿದವರು ಕಣ್ಣೀರು ಹಾಕಿದ್ದಾರೆ (ಯಾರು ಅಂತ ಹೇಳುವುದಿಲ್ಲ). ಜೀರಿಗೆ ಸಣ್ಣ ಭತ್ತದಲ್ಲೂ ಹೆಸರು ಕಾಳಿನ ಸಣ್ಣತನಕ್ಕೆ. ವಾಟೆಯಂತೂ ಇನ್ನೂ ಮಜಾ. ಮಲೆನಾಡಿನ ಹಳ್ಳದ ಬದಿ ಬೆಳೆಯುವ ತೆಳ್ಳನೆಯ ಬಿದಿರೂ ವಾಟೆ, ಹಲಸಿನ ಕುಲದ ಮರದ ಹುಳಿಕಾಯಿಯೂ ವಾಟೆ, ನಿಮ್ಮ ಮೈಸೂರು ಕಡೆ ಮಾವಿನ ಗೊರಟೂ ವಾಟೆ. ಅಂಗಡಿಯಲ್ಲಿ ಕೇಳುವಾಗ ‘ವಾಟೆಹುಳಿ’ ಅಂತ ಪೂರ್ತಿ ಹೇಳು. ಕಾಯನ್ನು ಹೋಳು ಮಾಡಿ ಒಣಗಿಸಿದ್ದು ಸಿಗುತ್ತದೆ, ಹುಣಸೆಯ ಬದಲು ಸಾರಿಗೆ ಹಾಕಬಹುದು. ಪೇರಲೆ, ಸೀಬೆ, ಚೇಪೆಗಳ ಜಗಳ ನಿನಗೂ ನಿನ್ನ ಮಂಡ್ಯದ ಮಾವನ ಮನೆಗೂ ಬಿಟ್ಟಿದ್ದು. ಹಣ್ಣು ಒಂದೇ.

ಜಗಳವಾಡಲೇಬೇಕಾದ ಕಡೆ ಇನ್ನೊಂದಿದೆ: ಉಪ್ಪಾಗೆ ಮತ್ತು ಮುರುಗಲು. ಎರಡೂ ಒಂದೇ ಕುಲದ ಹುಳಿಹಣ್ಣಿನ ಮರಗಳು, ಎರಡರ ಬೀಜದಿಂದಲೂ ತುಪ್ಪ ತೆಗೆಯುತ್ತಾರೆ, ಎರಡರ ಸಿಪ್ಪೆಯೂ ಒಣಗಿದರೆ ಕಪ್ಪಗಾಗುತ್ತದೆ, ಎರಡನ್ನೂ ‘ಕೋಕಂ’ ಅಂತ ಮಾರುವವರಿದ್ದಾರೆ. ಹಣ್ಣಿನಲ್ಲಿ ಗುರುತು ಸುಲಭ. ಉಪ್ಪಾಗೆ ಹಳದಿ, ಮೈಮೇಲೆ ಪುಟ್ಟ ಕುಂಬಳಕಾಯಿಯ ಹಾಗೆ ಗೀರು ಗೀರು. ಮುರುಗಲು ನುಣುಪು, ಕಡುಗೆಂಪು. ಒಣ ಸಿಪ್ಪೆಯಾದರೆ ಒಂದು ಲೋಟ ನೀರಲ್ಲಿ ಹತ್ತು ನಿಮಿಷ ನೆನೆಹಾಕು. ಮುರುಗಲು ನೀರನ್ನು ಕೆಂಪು ಮಾಡುತ್ತದೆ, ಉಪ್ಪಾಗೆ ಕಂದು ಮಾಡುತ್ತದೆ. ಹಳದಿ ಹಣ್ಣಿನ ಬಿಳಿ ಮುರುಗಲು ಅಂತ ಇನ್ನೊಂದಿದೆ, ಅದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಪಾನಕಕ್ಕೆ ಕೆಂಪು ಮುರುಗಲೇ ಆಗಬೇಕು. ಉಪ್ಪಾಗೆಯ ಪಾನಕ ಕುಡಿದವರು ಎರಡನೇ ಲೋಟ ಕೇಳುವುದಿಲ್ಲ.

ಒಂದೆಲಗಕ್ಕೂ ಇದೇ ಪಾಡು. ‘ಬ್ರಾಹ್ಮಿ’ ಅಂತ ನರ್ಸರಿಯಲ್ಲಿ ಎರಡು ಗಿಡ ಕೊಡುತ್ತಾರೆ. ಹಬ್ಬುವ ಬಳ್ಳಿ, ಗೆಣ್ಣಿನಲ್ಲಿ ಬೇರು, ತೊಟ್ಟಿಗೊಂದೇ ದುಂಡನೆಯ ಎಲೆ, ಅಂಚಿನಲ್ಲಿ ಸಣ್ಣ ಹಲ್ಲು ಇದ್ದರೆ ಅದು ತಂಬುಳಿಯ ಒಂದೆಲಗ. ಎದುರುಬದುರು ಸಣ್ಣ ದಪ್ಪ ಎಲೆ ಇದ್ದರೆ ಅದು ನೀರುಬ್ರಾಹ್ಮಿ, ಬಾಯಿಗೆ ಕಹಿ.

ಸರಿ, ನಿನ್ನ ಮೂರು ಕೆಜಿಗೆ ಬರೋಣ. ಒಂದು ಮಿಡಿಯನ್ನು ಉದ್ದಕ್ಕೆ ಸೀಳು. ಗೊರಟಿನ ಜಾಗದಲ್ಲಿ ಚಾಕು ಅಡ್ಡಿಯಿಲ್ಲದೆ ಇಳಿದರೆ ಸರಿ; ತಡೆದರೆ ಗೊರಟು ಕಟ್ಟಿದೆ, ಅದು ಕೊಚ್ಚಿ ಹಾಕುವ ಉಪ್ಪಿನಕಾಯಿಗೆ. ಜಜ್ಜಿದ್ದು, ತೊಟ್ಟು ಕಳಚಿದ್ದು ಎಲ್ಲ ಬೇರೆ ಇಡು. ನೆಲಕ್ಕೆ ಬಿದ್ದ ಮಿಡಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಪೆಟ್ಟಾಗಿರುತ್ತದೆ. ತಿಂಗಳೊಳಗೆ ಮೆತ್ತಗಾಗಿ ಪಕ್ಕದವನ್ನೂ ಕೆಡಿಸುತ್ತದೆ. ತೊಟ್ಟು ಕಿತ್ತುಹೋದ ಜಾಗದಿಂದ ಕೊಳೆ ಶುರುವಾಗುತ್ತದೆ, ಹಾಗಾಗಿ ಅರ್ಧ ಇಂಚು ತೊಟ್ಟು ಉಳಿದಿರಲಿ. ತೊಳೆದರೆ ನೆರಳಲ್ಲಿ ಪೂರ್ತಿ ಆರಬೇಕು. ಕೆಜಿಗೆ ಕಾಲು ಕೆಜಿ ಕಲ್ಲುಪ್ಪಿನ ಲೆಕ್ಕದಲ್ಲಿ ಮುಕ್ಕಾಲು ಕೆಜಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು. ಉಪ್ಪು ಉಳಿಸಲು ಹೋದವರ ಭರಣಿಯಲ್ಲಿ ಬೂಷ್ಟು ಬೆಳೆಯುತ್ತದೆ. ಮೇಲೊಂದು ಭಾರ, ಬಾಯಿಗೆ ಬಟ್ಟೆ. ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಅಡಿಮೇಲು ಮಾಡು. ಹತ್ತು ಹದಿನೈದು ದಿನದಲ್ಲಿ ಮಿಡಿ ಚಿರುಟಿಕೊಂಡು ನೀರು ಬಿಡುತ್ತದೆ. ಆ ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿ, ಸೋಸಿ, ಅದರಲ್ಲೇ 300 ಗ್ರಾಂ ಬ್ಯಾಡಗಿ ಮೆಣಸು, 200 ಗ್ರಾಂ ಸಾಸಿವೆ, ಒಂದಿಷ್ಟು ಅರಿಶಿನ ರುಬ್ಬಿ ಬೆರೆಸು. ಹಸಿನೀರು ಒಂದು ಹನಿಯೂ ಸೇರಬಾರದು. ಬಿಸಿ ಇರುವಾಗಲೇ ರುಬ್ಬಿದರೆ ಸಾಸಿವೆ ಕಹಿಯಾಗುತ್ತದೆ. ಇಂಗು, ಬೆಳ್ಳುಳ್ಳಿ ಹಾಕಬೇಡ. ಅಷ್ಟು ದುಡ್ಡು ಕೊಟ್ಟು ಕೊಂಡ ಪರಿಮಳವನ್ನು ಮುಚ್ಚಿಹಾಕುವುದು ಯಾವ ಸಂಭ್ರಮಕ್ಕೆ?

ತಾರಸಿಯ ಕುಂಡದಲ್ಲಿ ಗೊರಟು ನೆಡುತ್ತೇನೆ ಅಂದೆಯಲ್ಲ, ನೆಡು, ನೆರಳಾಗುತ್ತದೆ. ಹೆಸರು ಮಾತ್ರ ಇಡಬೇಡ. ಮಾವಿನಲ್ಲಿ ಪರಾಗ ಯಾವ ಮರದ್ದೋ, ಗೊರಟಿನ ಸಸಿ ತಾಯಿಯ ಹಾಗೇ ಇರುತ್ತದೆಂಬ ಖಾತ್ರಿಯಿಲ್ಲ. ಜೀರಿಗೆಯ ಗೊರಟು ಹುಟ್ಟಿ ಬೆಳೆದು ಏನೂ ಪರಿಮಳವಿಲ್ಲದ ಕಾಯಿ ಬಿಡಬಹುದು. ಹೆಸರು ಉಳಿಯುವುದು ಕಸಿಯಲ್ಲಿ: ಬೇಕಾದ ಮರದ ಪೆನ್ಸಿಲ್ ದಪ್ಪದ ಕುಡಿಕಡ್ಡಿಯ ಎಲೆಗಳನ್ನು ವಾರ ಹತ್ತು ದಿನ ಮೊದಲೇ ಕತ್ತರಿಸಿ, ಮೊಗ್ಗು ಉಬ್ಬಿದ ಮೇಲೆ ತೆಗೆದು, ಬುಡವನ್ನು ಒಂದೂವರೆ ಇಂಚು ಬೆಣೆಯ ಹಾಗೆ ಕೆತ್ತಿ, ಸೀಳಿದ ಬೇರುಸಸಿಗೆ ಕೂರಿಸಿ ಬಿಗಿಯಾಗಿ ಕಟ್ಟುವುದು. ಅಂದರೆ ಗೆಣಸಿನಕುಣಿ ಜೀರಿಗೆಯಂಥ ಪ್ರತಿ ಹೆಸರಿನ ಹಿಂದೆ ಒಂದೇ ಒಂದು ಮೂಲಮರ. ಅದು ಹೊಳೆಗೆ ಉರುಳಿದರೆ, ರಸ್ತೆಗೆ ಹೋದರೆ, ಕಡ್ಡಿ ತೆಗೆದಿಟ್ಟವರು ಯಾರೂ ಇಲ್ಲದಿದ್ದರೆ, ಹೆಸರು ಭರಣಿಯ ಚೀಟಿಯಲ್ಲಿ ಮಾತ್ರ.

ಇಷ್ಟರಲ್ಲೇ ನಿಲ್ಲಿಸುವವನಿದ್ದೆ. ಆದರೆ ಹೆಸರುಗಳನ್ನು ಬರೆಯುತ್ತ ಒಂದು ಸಂಗತಿ ಚುಚ್ಚತೊಡಗಿದೆ. ಮರ ಇರುವ ಊರು ಹೆಸರಾಗಿದೆ, ಜಮೀನಿನ ಯಜಮಾನ ಹೆಸರಾಗಿದ್ದಾನೆ, ಅಡುಗೆಮನೆಯ ಡಬ್ಬಿಯ ಜೀರಿಗೆಯೂ ಹೆಸರಾಗಿದೆ. ಮರ ಹತ್ತಿದವನ ಹೆಸರಿನ ಒಂದು ಅಪ್ಪೆಯನ್ನೂ ನಾನು ಕೇಳಿಲ್ಲ. ಮಿಡಿ ಇರುವುದು ಕೊಂಬೆಯ ತುದಿಯಲ್ಲಿ. ಕೆಳಗೆ ಹೊಳೆ, ಸೊಂಟಕ್ಕೆ ಹಗ್ಗ, ಮೈಮೇಲೆ ಸೊನೆಯ ಸುಟ್ಟ ಕಲೆ. ಯಾವ ಮರ ಯಾವ ವರ್ಷ ಬಿಡುತ್ತದೆ, ಯಾವುದರ ಮಿಡಿ ಮೊದಲು ಬರುತ್ತದೆ ಅನ್ನುವುದು ಅವನಿಗೆ ಗೊತ್ತು. ಎಂದಿಗೂ ಹತ್ತದ ನಾವು ಕೆಳಗೆ ಚೀಲ ಹಿಡಿದು ನಿಂತು ‘ತೊಟ್ಟು ಬಿಡಿಸಬೇಡ’ ಅಂತ ಕೂಗಿದವರು. ಮಿಡಿಯನ್ನು ನೂರರ ಲೆಕ್ಕದಲ್ಲಿ ಎಣಿಸಿಕೊಂಡೆವು. ಕೊಂಬೆ ಕಡಿದು ಕೊಯ್ಯುತ್ತಾರೆ ಅಂತ ಈಗ ದೂರುವವರೂ ನಾವೇ. ಒಂದು ಕೊಂಬೆಯನ್ನು ಕೆಳಗಿಳಿಸಿ ಬಿಡಿಸುವುದಕ್ಕೂ ಅದರ ತುದಿಗೆ ತೆವಳುವುದಕ್ಕೂ ನಡುವೆ ಇರುವುದು ಒಂದು ಜೀವ. ಆ ಲೆಕ್ಕ ಕೇಳಿದ ಮೇಲೂ ನಾನು ಚೌಕಾಸಿ ಮಾಡಿದ್ದೇನೆ, ಇನ್ನು ಮುಂದೆಯೂ ಮಾಡುತ್ತೇನೇನೋ. ಈ ಪತ್ರದಲ್ಲಿ ಜಾಣತನದಿಂದ ಬರೆದ ಅರ್ಧ ವಿಷಯ ಹಾಗೆ ಹತ್ತಿದವರ ಬಾಯಿಂದ ಬಂದದ್ದು, ಪಂಡಿತನ ಪಟ್ಟ ಮಾತ್ರ ನನಗೆ.

ಅಯ್ಯೋ, ಸಾಕು. ಉಪ್ಪಿನಕಾಯಿ ಕೇಳಿದವನಿಗೆ ಉಪದೇಶ ಬಡಿಸಿದ್ದಾಯಿತು. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನನಗೆ ಹೀಗೆ ಉಕ್ಕುತ್ತದೆ, ನಿನಗೆ ಗೊತ್ತಲ್ಲ, ತೀರ್ಥಹಳ್ಳಿ ಬಸ್ಸಿನಲ್ಲಿ ಭಾಷಣ ಮಾಡಿದವನೇ ನಾನು. ಮಿಡಿಗೆ ಇವತ್ತೇ ಉಪ್ಪು ಹಾಕು, ನಾಳೆಗೆ ಬಾಡುತ್ತದೆ. ಅತ್ತಿಗೆಗೆ ಹೇಳು, ಸ್ಟೀಲ್ ಡಬ್ಬ ಬೇಡ, ಉಪ್ಪು ಹುಳಿ ಸೇರಿ ತುಕ್ಕು ಬರಿಸುತ್ತವೆ. ಊರಿಗೆ ಬರುವಾಗ ಖಾಲಿ ಭರಣಿ ತಂದರೆ ತುಂಬಿಸಿ ಕಳಿಸುತ್ತೇನೆ. ಒಂದು ಲೀಟರಿನದ್ದು ಸಾಕು, ಹೋದ ಸಲದ ಹಾಗೆ ಡ್ರಮ್ಮು ತರಬೇಡ.

ನಿನ್ನ,
ಕೊಟ್ಟೆಕಡುಬು