ಬೈದರೆ ಶುಗರ್ ಇಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಗಂಗಾವತಿ ಕಡೆ ಶುಗರ್ ಇರುವವರನ್ನು ಕೇಳಿ ನೋಡಿ. ಡಾಕ್ಟರ ಹತ್ತಿರ ಹೋಗುವ ಎರಡು ದಿನ ಮೊದಲು ಅನ್ನ ಬಿಟ್ಟು ಬರೀ ರೊಟ್ಟಿ ಪಲ್ಯ ತಿನ್ನುತ್ತಾರೆ. ರಿಪೋರ್ಟ್ ಚೆನ್ನಾಗಿ ಬರಲಿ, ಬೈಗುಳ ತಪ್ಪಲಿ ಅಂತ. ಆದರೆ ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಎರಡು-ಮೂರು ತಿಂಗಳ ಶುಗರ್‌ನ ಸರಾಸರಿ ತೋರಿಸುತ್ತದೆ, ಅದರ ಮುಂದೆ ಎರಡು ದಿನದ ಪಥ್ಯ ನಡೆಯಲ್ಲ. ಅದು 9 ಅಂತ ಜಾಸ್ತಿ ಬಂದ ಕೂಡಲೇ "ಬಾಯಿ ಕಟ್ಟೋಕಾಗಲ್ವಾ" ಅಂತ ಗದರಿ, ಇನ್ನೊಂದು ಗುಳಿಗೆ ಬರೆದುಕೊಡುತ್ತಾರೆ. ಮೊದಲಿನ ಗುಳಿಗೆ ನುಂಗುತ್ತಿದ್ದಾರಾ ಅಂತ ಕೇಳುವವರು ಕಡಿಮೆ.

ನಮ್ಮ ಓಣಿಯ ಅಕ್ಕ ಒಬ್ಬರು ಭತ್ತದ ನಾಟಿಗೆ ಕೂಲಿ ಹೋಗುತ್ತಾರೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಶುರು ಮಾಡಿದ ಮೇಲೆ ಅವರಿಗೆ ಹೊಟ್ಟೆ ಕೆಟ್ಟು ಪದೇ ಪದೇ ಭೇದಿ. ಬಯಲು ಗದ್ದೆ, ಮೊಳಕಾಲುದ್ದ ಕೆಸರು, ಬದುವಿನ ಮೇಲೆ ಸಸಿ ಹೊರುವ ಗಂಡಸರು, ಎಲ್ಲಿ ಹೋಗಬೇಕು ಆಕೆ? ಕೆಲಸ ಇದ್ದ ದಿನ ಗುಳಿಗೆ ಬಿಟ್ಟರು. ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂದರೆ, "ಬೈತಾರ್ರೀ. ಅದೂ ಅಷ್ಟು ಮಂದಿ ಮುಂದ ಇಂಥಾದ್ದು ಹೆಂಗ ಹೇಳ್ಲಿ?" ಅಂದರು.

ಈ ಗುಳಿಗೆ ಶುರುವಿನಲ್ಲಿ ಹೊಟ್ಟೆ ಕೆಡಿಸುವುದು ಡಾಕ್ಟರುಗಳಿಗೆ ಗೊತ್ತಿಲ್ಲದ್ದೇನಲ್ಲ. ಊಟದ ಜೊತೆ ತಗೊಳ್ಳಿ, ಡೋಸ್ ಕಡಿಮೆ ಮಾಡೋಣ, ಇಲ್ಲಾಂದ್ರೆ ನಿಧಾನಕ್ಕೆ ಕರಗುವ ಗುಳಿಗೆ ಕೊಡ್ತೀನಿ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಿಷಯವೇ ಹೊರಗೆ ಬರಲಿಲ್ಲವಲ್ಲ, ಗ್ಲಿಮಿಪಿರೈಡ್ ಅನ್ನುವ ಇನ್ನೊಂದು ಗುಳಿಗೆ ಸೇರಿತು. ಅದು ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡದೆ, ಶುಗರ್ ಇಳಿಸುವ ಇನ್ಸುಲಿನ್ ಬಿಡಿಸುವ ಔಷಧ. ಬೆಳಿಗ್ಗೆ ನುಂಗಿ ಹೋಗಿ, ಬುತ್ತಿ ಬಿಚ್ಚುವುದು ತಡವಾದ ಒಂದು ದಿನ ಆಕೆ ಶುಗರ್ ತೀರಾ ಇಳಿದು ಗದ್ದೆಯಲ್ಲೇ ಮೈಯೆಲ್ಲ ಬೆವತು, ಕೈ ನಡುಗಿ ಕೂತುಬಿಟ್ಟರು. ಜೊತೆಯವರು ಚಹಾಕ್ಕೆ ತಂದಿದ್ದ ಸಕ್ಕರೆ ಬಾಯಿಗೆ ಹಾಕಿದ ಮೇಲೆ ಸುಧಾರಿಸಿಕೊಂಡರು. ಈಗ ಎರಡೂ ಗುಳಿಗೆ ಬಿಟ್ಟು ಯಾರೋ ಕೊಟ್ಟ ಬೇರಿನ ಪುಡಿ ತಿನ್ನುತ್ತಿದ್ದಾರೆ. ಪುಡಿ ಕೊಟ್ಟವರು ಅರ್ಧ ಗಂಟೆ ಕೂತು ಕಷ್ಟ ಕೇಳಿದರಂತೆ. ನನಗೆ ಹೊಟ್ಟೆ ಉರಿದದ್ದು ಈ ಮಾತಿಗೇ.

ಓಪಿಡಿ ಮುಂದೆ ಸಾಲು ಎಷ್ಟುದ್ದ ಇರುತ್ತದೆ ಅಂತ ನಮಗೂ ಕಾಣುತ್ತದೆ. ಎರಡು ನಿಮಿಷದಲ್ಲಿ ಯಾವ ಡಾಕ್ಟರೂ ಎಲ್ಲ ಕೇಳಲಾರರು, ಸುಮ್ನೆ ಅವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ ಇರುವುದೇ ಬಿಪಿ, ಶುಗರ್‌ನವರಿಗಾಗಿ ಅಲ್ವಾ? ಅಲ್ಲಿನ ನರ್ಸ್ ಒಬ್ಬರು ಪರದೆ ಹಿಂದೆ ಕೂರಿಸಿಕೊಂಡು, "ಹೋದ ವಾರ ಎಷ್ಟು ಗುಳಿಗೆ ತಪ್ಪಿತು, ಯಾಕೆ ತಪ್ಪಿತು, ಊಟ ಎಷ್ಟೊತ್ತಿಗೆ" ಅಂತ ಕೇಳಿ ಚೀಟಿಯಲ್ಲಿ ಬರೆದು ಒಳಗೆ ಕಳಿಸಲಿ. ಪ್ರತಿ ಸಲ ಬೇರೆ ಡಾಕ್ಟರ್ ಇದ್ದರೂ ಅದನ್ನು ನೋಡಿ ಔಷಧ ಬರೆಯಬಹುದು. ಬರಿಗಾಲಲ್ಲಿ ಕೆಸರಿಗೆ ಇಳಿಯುವವರ ಪಾದವನ್ನೂ ಅಲ್ಲೇ ನೋಡಲಿ. ಶುಗರ್ ಇದ್ದವರಿಗೆ ಸ್ಪರ್ಶ ಕಡಿಮೆಯಾಗಿ, ಮುಳ್ಳು ಚುಚ್ಚಿದ್ದೂ ಗೊತ್ತಾಗದೆ ಗಾಯ ಕೊಳೆಯುವುದುಂಟು.

ಆರೋಗ್ಯ ಇಲಾಖೆಯವರು ಮುಂದಿನ ನಾಟಿ ಶುರುವಾಗುವುದರೊಳಗೆ ಇಷ್ಟನ್ನಾದರೂ ಕೊಪ್ಪಳ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾಡಿಸಲಿ.

– ಒಬ್ಬ ಓದುಗ, ಗಂಗಾವತಿ